ಗಂಟು ಹಾಕಿದ ಚೀಲ

ತಂತಿ ಮೇಲೆ ಕಾಣ್ತಿದ್ಯಲ್ಲ, ಏಳು ಪುಟ್ಟ ಚಡ್ಡಿ? ಎಲ್ಲಾ ಈ ವಾರ ಪ್ರಿಸ್ಕೂಲಿಂದ ವಾಪಸ್ ಬಂದಿರೋದು.

ಮಗಳಿಗೆ ಎರಡೂವರೆ ವರ್ಷ, ಹಗಲು ಡೈಪರ್ ಬಿಡಿಸ್ತಿದ್ದೀವಿ. ಮನೇಲಿ ಎರಡು ವಾರದಿಂದ ಒಂದು ಸಲಾನೂ ಒದ್ದೆ ಮಾಡ್ಕೊಂಡಿರ್ಲಿಲ್ಲ, ನಾನಂತೂ ಬೀಗ್ತಿದ್ದೆ. ಆದ್ರೆ ಅಲ್ಲಿಂದ ದಿನಾ ಒಂದು ಗಂಟು ಹಾಕಿದ ಚೀಲ. ಒಳಗೇನಿದೆ ಅಂತ ಬಿಚ್ಚಿ ನೋಡೋದೇ ಬೇಡ ಬಿಡಿ.

ಕೊನೆಗೆ ಮಿಸ್ ಹತ್ರ ಕೂತು ಮಾತಾಡ್ದೆ. ಅಲ್ಲಿ ‘ವಾಶ್‌ರೂಮ್ ಬೇಕಾ?’ ಅಂತ ಕೇಳ್ತಾರಂತೆ. ನಮ್ಮನೇಲಿ ಆ ಪದಾನೇ ಇಲ್ಲ! ನಮ್ಮದು ಸೂಸು, ಕಕ್ಕ, ಅಷ್ಟೇ. ಯಾವುದೋ ರೂಮ್ ಬೇಕಾ ಅಂದ್ರೆ ಪಾಪ ಮಗು ಬೇಡ ಅಂತಲೇ ಅನ್ನುತ್ತೆ. ಈಗ ಎರಡೂ ಕಡೆ ಸೂಸುನೇ.

ಇನ್ನೊಂದು ಎಡವಟ್ಟು ಪೂರ್ತಿ ನಂದೇ. ಚೆಂದ ಕಾಣ್ಲಿ ಅಂತ ಜೀನ್ಸ್ ಹಾಕಿ ಕಳಿಸ್ತಿದ್ದೆ. ಅವಳು ಟಾಯ್ಲೆಟ್ ಬಾಗಿಲವರೆಗೂ ಓಡಿ ಹೋಗ್ತಾಳಂತೆ, ಅಲ್ಲಿ ನಿಂತು ಎರಡೂ ಕೈಯಲ್ಲಿ ಗುಂಡಿ ಎಳೀತಾಳಂತೆ. ಅದು ಬಿಚ್ಚೋಷ್ಟರಲ್ಲಿ ಕಾಲ ಕೆಳಗೆ ನೀರು. ಈಗ ಎಲಾಸ್ಟಿಕ್ ಪ್ಯಾಂಟ್ ಮಾತ್ರ. ಅವಸರ ಆದಾಗ ಅವಳು ಪರದೆ ಹಿಂದೆ ಹೋಗಿ, ಕಾಲು ಹೆಣೆದು, ಮಾತು ನಿಲ್ಲಿಸ್ತಾಳೆ ಅಂದೆ. ಮಿಸ್ ಅದನ್ನ ಬರ್ಕೊಂಡ್ರು.

ಹತ್ತತ್ತು ನಿಮಿಷಕ್ಕೆ ‘ಬಂತಾ? ಬಂತಾ?’ ಅಂತ ಕೇಳೋದನ್ನೂ ಬಿಟ್ಟೆ. ಹೊಟ್ಟೆ ಕೆಳಗೆ ತುಂಬಿದ ಹಾಗಾಗೋದು ಅವಳಿಗೇ ತಿಳೀಬೇಕಲ್ವಾ?

ಕಕ್ಕದ ಕತೆ ಬೇರೆ. ಒಂದು ಸಲ ಗಟ್ಟಿಯಾಗಿ ನೋವಾಯ್ತು. ಆಮೇಲೆ ಹೆದರಿ ತಡೆದಳು. ತಡೆದಷ್ಟೂ ಇನ್ನೂ ಗಟ್ಟಿ. ಬೈದಿದ್ರೆ ಇನ್ನಷ್ಟು ತಡೀತಿದ್ಳು. ನೀರು, ಹಣ್ಣು, ತರಕಾರಿ ಜಾಸ್ತಿ ಮಾಡಿದ್ವಿ. ಊಟ ಆಗಿ ಇಪ್ಪತ್ತು ನಿಮಿಷ ಬಿಟ್ಟು ಕೂರಿಸ್ತೀನಿ, ಕರುಳು ಚುರುಕಾಗೋ ಹೊತ್ತು ಅದು. ಐದು ನಿಮಿಷದಲ್ಲಿ ಬರ್ಲಿಲ್ವಾ, ಎಬ್ಬಿಸ್ತೀನಿ. ಇಲ್ನೋಡಿ, ಪಾದದ ಕೆಳಗೆ ಈ ಮಣೆ. ಕಾಲು ಜೋತಾಡ್ತಿದ್ರೆ ತಿಣುಕೋಕೆ ಬಲ ಎಲ್ಲಿಂದ ಬರ್ಬೇಕು? ಫ್ಲಶ್ ಸದ್ದಿಗೆ ಬೆಚ್ಚಿ ಬೀಳ್ತಾಳೆ, ಅದಕ್ಕೆ ಅವಳು ಆಚೆ ಹೋದ ಮೇಲೇ ಒತ್ತೋದು.

ರಾತ್ರಿ ಡೈಪರ್ ಇನ್ನೂ ಬಿಡಿಸಿಲ್ವಾ ಅಂತ ಕೇಳೋರಿಗೆ: ಇಲ್ಲ. ನಿದ್ದೇಲಿ ತಡ್ಕೊಳ್ಳೋಕೆ ಮೈ ತಯಾರಾಗ್ಬೇಕು, ಐದು ವರ್ಷದ ಎಷ್ಟೋ ಮಕ್ಕಳು ಹಾಸಿಗೆ ಒದ್ದೆ ಮಾಡ್ತಾರೆ.

ಇವತ್ತು ಕರ್ಕೊಂಡು ಬರೋಕೆ ಹೋದಾಗ ಚೀಲ ಇರ್ಲಿಲ್ಲ. ಪ್ಯಾಂಟ್ ಮಾತ್ರ ಹಿಂದುಮುಂದಾಗಿತ್ತು. ಅವಳೇ ಹಾಕ್ಕೊಂಡಿದ್ದಂತೆ.