ಅಜ್ಜನ ಕಾಗದಪತ್ರ ಜೋಡಿಸುವುದು ಹೇಗೆ? ಮುಂಬೈ ಮನೆಗಳಿಗೊಂದು ಕ್ರಮ

[ದೃಶ್ಯ: ಮೇಜಿನ ಮೇಲೆ ಹಳೇ ಕಾಗದದ ಕಟ್ಟು]

ನಮಸ್ಕಾರ. ಡೊಂಬಿವಲಿಯಿರಲಿ, ಮಾಟುಂಗವಿರಲಿ, ನಮ್ಮವರ ಮನೆಯ ಕಪಾಟಿನಲ್ಲಿ ಇಂಥದ್ದೊಂದು ಕಟ್ಟು ಇದ್ದೇ ಇರುತ್ತದೆ, ಅಲ್ವಾ? ಊರಿನ ಆಸ್ತಿ ಹಂಚಿಕೊಂಡ ಪಾಲುಪಟ್ಟಿ, ಗೇಣಿ ಚೀಟಿ, ಚಾಳಿನ ಬಾಡಿಗೆ ರಸೀದಿ, ಹಳೇ ರೇಷನ್ ಕಾರ್ಡು, ಯಾರದೆಂದು ಗೊತ್ತಾಗದ ಫೋಟೋ. ಮನೆತನದ ಇತಿಹಾಸ ಹುಡುಕುವವರಿಗೆ ಇದೇ ಬಂಡವಾಳ.

ಮೊದಲನೇ ಮಾತು: ಹೆಸರಿನ ಪ್ರಕಾರ ಫೈಲ್ ಮಾಡಬೇಡಿ. ನಮ್ಮಲ್ಲಿ ಹೆಸರು ಊರಿಗೊಂದು ಥರ. ಊರಿನ ಶಾಲೆಯಲ್ಲಿ ಅಜ್ಜನ ಹೆಸರಿಗೆ ಬರೀ ಇನಿಷಿಯಲ್. ಮುಂಬೈಯ ರೇಷನ್ ಕಾರ್ಡಿನಲ್ಲಿ ಇಲ್ಲಿಯ ರೂಢಿಯಂತೆ ನಡುವೆ ಅಪ್ಪನ ಹೆಸರು, ಕೊನೆಗೆ ಶೆಟ್ಟಿಯೋ ಪೂಜಾರಿಯೋ. ಅಜ್ಜಿಗಂತೂ ಮದುವೆಗೆ ಮುಂಚೆ ಒಂದು, ಆಮೇಲೆ ಒಂದು. ಹೆಸರು ನೋಡಿ ಜೋಡಿಸಿದರೆ ಒಬ್ಬರೇ ಮೂರು ಜನ ಆಗಿಬಿಡುತ್ತಾರೆ. ಅಲ್ಲದೆ ಒಂದು ಪಾಲುಪಟ್ಟಿಯಲ್ಲಿ ಇಡೀ ಕುಟುಂಬವೇ ಇರುತ್ತದೆ. ಅದನ್ನು ಯಾರ ಫೈಲಿಗೆ ಹಾಕುತ್ತೀರಿ?

[ದೃಶ್ಯ: ಉದ್ದ ನೋಟ್‌ಬುಕ್, ಗೆರೆ ಎಳೆದ ಪುಟ]

ಕೈಗೆ ಸಿಕ್ಕಿದ ಕ್ರಮದಲ್ಲೇ ಕಾಗದಗಳಿಗೆ ನಂಬರ್ ಕೊಡಿ. ನೋಟ್‌ಬುಕ್ಕಿನಲ್ಲಿ ನಂಬರ್, ಕಾಗದ ಏನು, ಯಾರು ಕೊಟ್ಟರು, ಯಾವಾಗ ಕೊಟ್ಟರು ಎಂದು ಬರೆಯಿರಿ. ಜನರಿಗೂ ಬೇರೆ ನಂಬರ್. ಅಜ್ಜ ಹನ್ನೆರಡು ಎಂದಾದರೆ, ಅವರ ಎಲ್ಲಾ ಹೆಸರುಗಳೂ ಆ ಹನ್ನೆರಡರ ಕೆಳಗೆ.

ಊರಿನ ಹೆಸರನ್ನು ಕಾಗದದಲ್ಲಿ ಇದ್ದ ಹಾಗೇ ಬರೆಯಿರಿ, ತಿದ್ದಬೇಡಿ. ಕಾರ್ಕಳವನ್ನೇ ನೋಡಿ. 1956ರ ತನಕ ಅದು ಮದ್ರಾಸಿಗೆ ಸೇರಿದ ಸೌತ್ ಕೆನರಾದಲ್ಲಿತ್ತು. ಆಮೇಲೆ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. 1997ರಲ್ಲಿ ಉಡುಪಿ ಜಿಲ್ಲೆಗೆ ಬಂತು. ಹಳೇ ದಾಖಲೆಯನ್ನು ಯಾವ ಕಚೇರಿಯಲ್ಲಿ ಕೇಳಬೇಕು ಎನ್ನುವ ಸುಳಿವು ಆ ಹಳೇ ಹೆಸರಿನಲ್ಲೇ ಇರುತ್ತದೆ.

[ದೃಶ್ಯ: ಒಬ್ಬ ಹೆಂಗಸಿನಿಂದ ಕೆಳಗೆ ಕವಲೊಡೆಯುವ ವಂಶವೃಕ್ಷ]

ಅಳಿಯಕಟ್ಟಿನ ಮನೆಯವರು, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನ ಪದ್ಧತಿಯವರು, ಇದನ್ನು ಗಮನವಿಟ್ಟು ಕೇಳಿ. ಮುಂಬೈಯಲ್ಲಿ ಬೆಳೆದವರು ಎಷ್ಟೋ ಜನ ಇಲ್ಲೇ ದಾರಿ ತಪ್ಪುತ್ತಾರೆ. 1949ರಲ್ಲಿ ಮದ್ರಾಸಿನ ಅಳಿಯಸಂತಾನ ಕಾಯ್ದೆ ಬಂತು, ಅದರಲ್ಲಿ ಕುಟುಂಬದ ಆಸ್ತಿ ಪಾಲು ಮಾಡಿಕೊಳ್ಳಲು ದಾರಿ ಸಿಕ್ಕಿತು. ಆ ಪಾಲುಪಟ್ಟಿಗಳಲ್ಲಿ ಲೆಕ್ಕ ಶುರುವಾಗುವುದು ಹೆಂಗಸಿನಿಂದ. ಅವಳು, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು. ಇದಕ್ಕೆ ಕವರು ಎನ್ನುತ್ತಾರೆ. ಗಂಡಸಿನ ಹೆಸರು ಇರುತ್ತದೆ, ಅವನ ಮಕ್ಕಳ ಹೆಸರು ಇರುವುದಿಲ್ಲ. ಅವರು ಅವರ ತಾಯಿಯ ಕುಟುಂಬಕ್ಕೆ ಸೇರಿದವರು. ಹಾಗಾಗಿ ಅಪ್ಪನ ಅಪ್ಪನ ಪಾಲುಪಟ್ಟಿಯಲ್ಲಿ ನಿಮ್ಮ ಅಪ್ಪನನ್ನು ಹುಡುಕಿದರೆ ಸಿಗುವುದಿಲ್ಲ. ಕಾಗದದಲ್ಲಿ ಯಾವ ತಪ್ಪೂ ಇಲ್ಲ, ಅಪ್ಪನ ಅಮ್ಮನ ಕಡೆಯ ಕಾಗದ ಹುಡುಕಿ. ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬರಿಗೂ ಮೊದಲು ತಾಯಿಯ ನಂಬರ್, ಆಮೇಲೆ ತಂದೆಯ ನಂಬರ್ ಬರೆದರೆ ಕೆಲಸ ಸಲೀಸು.

ಇನ್ನು ಕಾಪಾಡುವ ವಿಷಯ. ಲ್ಯಾಮಿನೇಷನ್ ಬೇಡವೇ ಬೇಡ, ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪ್ ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ತುಕ್ಕು ಹಿಡಿದ ಪಿನ್ ಮೆಲ್ಲಗೆ ತೆಗೆಯಿರಿ. ಫೋಟೋದ ಹಿಂದೆ ಬರೆಯುವುದಾದರೆ ಮೆತ್ತಗಿನ ಪೆನ್ಸಿಲ್, ಅದೂ ಒತ್ತದೆ.

ಮುಂಬೈಯ ಮಳೆಗಾಲ ಕಾಗದಕ್ಕೆ ದೊಡ್ಡ ಶತ್ರು. ಹೊರಗೋಡೆಗೆ ತಾಗಿದ ಕಪಾಟು ಬೇಡ, ಅಲ್ಲಿ ತೇವ ಜಾಸ್ತಿ. ನೆಲದ ಮೇಲೂ ಇಡಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ನೆಲ ಅಂತಸ್ತಿನ ಮನೆಗಳಿಗೆ ನೀರು ನುಗ್ಗಿದಾಗ ಕೆಳಗಿಟ್ಟ ಪೆಟ್ಟಿಗೆ ಉಳಿಯುವುದಾದರೂ ಹೇಗೆ?

ಆದ್ದರಿಂದ ಪ್ರತಿ ಕಾಗದದ ಎರಡೂ ಬದಿ ಸ್ಕ್ಯಾನ್ ಮಾಡಿ. ಹಿಂಬದಿಯಲ್ಲೇ ರಿಜಿಸ್ಟ್ರಾರರ ಮುದ್ರೆಯೋ ಸಹಿಯೋ ಇರಬಹುದು. ಫೈಲಿನ ಹೆಸರಿಗೂ ಅದೇ ನಂಬರ್ ಇರಲಿ. ಒಂದು ಪ್ರತಿ ನಿಮ್ಮಲ್ಲಿ, ಇನ್ನೊಂದು ಊರಿನ ಮನೆಯಲ್ಲಿ. ನೋಟ್‌ಬುಕ್ಕಿನ ಪುಟಗಳನ್ನೂ ಸ್ಕ್ಯಾನ್ ಮಾಡಿ ಜೊತೆಗೇ ಕಳುಹಿಸಿ, ಇಲ್ಲದಿದ್ದರೆ ಅಲ್ಲಿಯವರಿಗೆ ಹನ್ನೆರಡು ಎಂದರೆ ಯಾರು ಅಂತ ಗೊತ್ತಾಗುವುದಿಲ್ಲ.