ಆ ಮಗು ಬದುಕಿದ್ದರೆ? ಸ್ಪೇನ್, ಪೋರ್ಚುಗಲ್ ಮತ್ತು ಮೂರು ಕಿರೀಟಗಳ ವಾರಸುದಾರ

[ಪರದೆಯ ಮೇಲೆ: ಗ್ರನಾಡಾದ ರಾಜಸಮಾಧಿಯ ನೆಲಮಾಳಿಗೆ]

ಸ್ಪೇನ್‌ನ ಗ್ರನಾಡಾ ನಗರದಲ್ಲಿ ರಾಜಮನೆತನದ ಸಮಾಧಿಯೊಂದಿದೆ. ಅದರ ನೆಲಮಾಳಿಗೆಯಲ್ಲಿ ಸೀಸದ ಐದು ಶವಪೆಟ್ಟಿಗೆಗಳಿವೆ. ರಾಣಿ ಇಸಾಬೆಲ್ಲಾ, ರಾಜ ಫರ್ಡಿನಾಂಡ್, ಅವರ ಮಗಳು ಹುವಾನಾ, ಅಳಿಯ ಫಿಲಿಪ್. ಐದನೆಯದು ತೀರ ಪುಟ್ಟದು. ಅದರಲ್ಲಿರುವವನು ಮಿಗುವೆಲ್. ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡ ಈ ಮಗು ಇಂದಿನ ಸ್ಪೇನ್‌ನ ಬಹುಭಾಗವಾದ ಕಸ್ಟೀಲ್ ಮತ್ತು ಅರಗಾನ್, ಜೊತೆಗೆ ಪೋರ್ಚುಗಲ್, ಈ ಮೂರೂ ರಾಜ್ಯಗಳ ಉತ್ತರಾಧಿಕಾರಿಯಾಗಿತ್ತು. ಅದು ಬದುಕಿ ಪಟ್ಟವೇರಿದ್ದರೆ ಏನಾಗುತ್ತಿತ್ತು?

[ಪರದೆಯ ಮೇಲೆ: ಐಬೀರಿಯಾದ ನಕ್ಷೆ, 1490ರ ದಶಕ]

ಕಸ್ಟೀಲ್‌ನ ಇಸಾಬೆಲ್ಲಾ ಮತ್ತು ಅರಗಾನ್‌ನ ಫರ್ಡಿನಾಂಡ್ 1469ರಲ್ಲಿ ಮದುವೆಯಾದರು. ಗಂಡ ಹೆಂಡತಿ ಒಂದಾದರೂ ರಾಜ್ಯಗಳು ಬೆರೆಯಲಿಲ್ಲ. ಕಾನೂನು, ತೆರಿಗೆ, ಕೋರ್ಟೆಸ್ ಎಂಬ ಪ್ರತಿನಿಧಿ ಸಭೆ, ಎಲ್ಲವೂ ಬೇರೆ ಬೇರೆಯೇ ಉಳಿದವು. ಎರಡನ್ನೂ ಕೂಡಿಸಬೇಕಾದವರು ಅವರ ಮಕ್ಕಳು. ಬದುಕುಳಿದ ಐವರಲ್ಲಿ ಗಂಡು ಒಬ್ಬನೇ, ಹುವಾನ್.

ಫ್ರಾನ್ಸನ್ನು ಸುತ್ತುವರಿಯುವುದಕ್ಕಾಗಿ ರಾಜದಂಪತಿ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಮನೆತನದೊಂದಿಗೆ ಕೊಟ್ಟು ತಂದು ಸಂಬಂಧ ಬೆಳೆಸಿದರು. ಮಗಳು ಹುವಾನಾಳನ್ನು ನೆದರ್ಲೆಂಡ್ಸ್ ಆಳುತ್ತಿದ್ದ ಫಿಲಿಪ್‌ನಿಗೆ ಕೊಟ್ಟರು, ಫಿಲಿಪ್‌ನ ತಂಗಿ ಮಾರ್ಗರೆಟ್‌ಳನ್ನು ಹುವಾನ್‌ಗೆ ತಂದುಕೊಂಡರು. ಸ್ಪೇನನ್ನು ಹ್ಯಾಬ್ಸ್‌ಬರ್ಗ್ ಕೈಗೆ ಒಪ್ಪಿಸುವ ಯೋಚನೆ ಅವರಿಗೆ ಕನಸಿನಲ್ಲಿಯೂ ಇರಲಿಲ್ಲ. ಪಟ್ಟಕ್ಕೆ ಮಗನಿದ್ದನಲ್ಲ!

ಆದರೆ 1497ರ ಅಕ್ಟೋಬರ್ 4ರಂದು, ಮದುವೆಯಾದ ಆರೇ ತಿಂಗಳಿಗೆ, ಹತ್ತೊಂಬತ್ತರ ಹುವಾನ್ ತೀರಿಕೊಂಡ. ಗರ್ಭಿಣಿಯಾಗಿದ್ದ ಮಾರ್ಗರೆಟ್‌ಗೆ ಹುಟ್ಟಿದ ಮಗು ಉಳಿಯಲಿಲ್ಲ. ಹಕ್ಕು ಹಿರಿಯ ಮಗಳಿಗೆ ಬಂತು. ಅವಳ ಹೆಸರೂ ಇಸಾಬೆಲ್ಲಾ. ಆಗಷ್ಟೇ ಪೋರ್ಚುಗಲ್‌ನ ರಾಜ ಮಾನುವೆಲ್‌ನ ಕೈಹಿಡಿದಿದ್ದಳು.

ಕಸ್ಟೀಲ್‌ನಲ್ಲಿ ಹೆಣ್ಣು ಪಟ್ಟವೇರಬಹುದಿತ್ತು, ಅವಳ ತಾಯಿಯೇ ಅದಕ್ಕೆ ಸಾಕ್ಷಿ. ಆದರೆ ಅರಗಾನ್‌ನ ಪ್ರತಿನಿಧಿಗಳು ಹೆಣ್ಣಿಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪಲಿಲ್ಲ. 1498ರ ಬೇಸಿಗೆಯಲ್ಲಿ ಸರಗೋಸ್ಸಾದಲ್ಲಿ ವಾದ ನಡೆಯುತ್ತಲೇ ಇತ್ತು, ರಾಜಕುಮಾರಿ ತುಂಬು ಗರ್ಭಿಣಿಯಾಗಿದ್ದಳು. ಗಂಡು ಮಗುವಾದರೆ ಸಮಸ್ಯೆಯೇ ಇಲ್ಲವೆಂದು ಸಭೆ ಕಾದು ಕುಳಿತಿತು. ಆಗಸ್ಟ್‌ನಲ್ಲಿ ಗಂಡು ಮಗುವೇ ಹುಟ್ಟಿತು. ತಾಯಿ ಅದೇ ದಿನ ಅಸುನೀಗಿದಳು. ಮುಂದಿನ ತಿಂಗಳು ಅರಗಾನ್ ಆ ಹಸುಗೂಸಿಗೆ ಪ್ರಮಾಣ ಮಾಡಿತು. 1499ರ ಜನವರಿಯಲ್ಲಿ ಕಸ್ಟೀಲ್, ಮಾರ್ಚ್‌ನಲ್ಲಿ ಪೋರ್ಚುಗಲ್. ನಮ್ಮ ನಾಡಿನ ಅಧಿಕಾರ ಸ್ಥಾನಗಳು ನಮ್ಮವರಿಗೇ ಸಿಗಬೇಕೆಂಬ ಭರವಸೆಯನ್ನು ಪೋರ್ಚುಗೀಸರು ಕೇಳಿ ಪಡೆದರು. ದೊಡ್ಡ ನೆರೆರಾಜ್ಯ ತಮ್ಮನ್ನು ನುಂಗಿಬಿಡುತ್ತದೆಂಬ ಅವರ ಅಳುಕು ಸಹಜವೇ.

ಅಜ್ಜಿಯ ಆರೈಕೆಯಲ್ಲಿ ಬೆಳೆದ ಮಿಗುವೆಲ್ 1500ರ ಜುಲೈನಲ್ಲಿ ಗ್ರನಾಡಾದಲ್ಲಿ ಸತ್ತ. ಅಜ್ಜಿ, ರಾಣಿ ಇಸಾಬೆಲ್ಲಾ, 1496ರಲ್ಲಿ ತಾಯಿಯನ್ನು, 1497ರಲ್ಲಿ ಮಗನನ್ನು, 1498ರಲ್ಲಿ ಮಗಳನ್ನು ಕಳೆದುಕೊಂಡಿದ್ದಳು. ಈಗ ಮೊಮ್ಮಗನೂ ಹೋದ. ವಂಶವೃಕ್ಷವನ್ನು ಬರಿಯ ಗೆರೆಗಳೆಂದು ನೋಡುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು.

[ಪರದೆಯ ಮೇಲೆ: ವಂಶವೃಕ್ಷ. ಹಕ್ಕಿನ ಗೆರೆ ಹುವಾನಾಳತ್ತ ಸರಿಯುತ್ತದೆ]

ಮುಂದಿನ ಹಕ್ಕುದಾರಳು ಹುವಾನಾ. ಆ ಹೊತ್ತಿಗೆ ಅವಳ ಮಗ ಚಾರ್ಲ್ಸ್ ಗೆಂಟ್ ನಗರದಲ್ಲಿ ಐದು ತಿಂಗಳ ಕೂಸು. ನೆದರ್ಲೆಂಡ್ಸ್, ಸ್ಪೇನ್, ನೇಪಲ್ಸ್, ಅಮೆರಿಕದ ನೆಲ, ಕೊನೆಗೆ 1519ರಲ್ಲಿ ಜರ್ಮನ್ ನಾಡುಗಳ ಮೇಲಿನ ಪವಿತ್ರ ರೋಮನ್ ಸಾಮ್ರಾಟನ ಪದವಿ, ಎಲ್ಲವೂ ಅವನೊಬ್ಬನ ತಲೆಗೆ ಬಂದವು.

ಈಗ ಮಿಗುವೆಲ್ ಬದುಕಿದ್ದನೆಂದು ಲೆಕ್ಕ ಹಾಕೋಣ. 1504ರಲ್ಲಿ ಅಜ್ಜಿ ಸತ್ತಾಗ ಆರನೇ ವಯಸ್ಸಿಗೆ ಕಸ್ಟೀಲ್. 1516ರಲ್ಲಿ ಅಜ್ಜನ ನಂತರ, ಹದಿನೇಳಕ್ಕೆ, ಅರಗಾನ್ ಮತ್ತು ನೇಪಲ್ಸ್. 1521ರ ಡಿಸೆಂಬರ್‌ನಲ್ಲಿ ತಂದೆ ಮಾನುವೆಲ್ ಸತ್ತಾಗ, ಇಪ್ಪತ್ತಮೂರಕ್ಕೆ, ಪೋರ್ಚುಗಲ್. ಹುಡುಗ ದೊಡ್ಡವನಾಗುವ ತನಕ ಕಸ್ಟೀಲನ್ನು ಯಾರು ನೋಡಿಕೊಳ್ಳಬೇಕೆಂದು ಅಜ್ಜನಿಗೂ ಅಪ್ಪನಿಗೂ ತಕರಾರು ಹುಟ್ಟುತ್ತಿತ್ತೆಂಬುದು ನನ್ನ ಊಹೆ.

ಸ್ಪೇನ್, ಪೋರ್ಚುಗಲ್ ಸೇರಿ ಇಡೀ ಐಬೀರಿಯಾ ಒಂದಾಗುತ್ತಿತ್ತು ಎಂದು ಹಲವರು ಸಂಭ್ರಮಿಸುತ್ತಾರೆ. ನನಗೆ ಅದು ಮುಖ್ಯ ಸಂಗತಿಯಾಗಿ ಕಾಣುವುದಿಲ್ಲ. ಆ ಒಕ್ಕೂಟ ಹೇಗೂ ಆಯಿತು. ಚಾರ್ಲ್ಸ್ 1526ರಲ್ಲಿ ಮಾನುವೆಲ್‌ನ ಮಗಳನ್ನು ಮದುವೆಯಾದ, ಅವರ ಮಗ ಎರಡನೇ ಫಿಲಿಪ್ ತಾಯಿಯ ಕಡೆಯ ಹಕ್ಕು ಹಿಡಿದು, ಸೈನ್ಯವನ್ನೂ ನುಗ್ಗಿಸಿ, 1580ರಲ್ಲಿ ಪೋರ್ಚುಗಲ್ ಪಡೆದ. ಅರವತ್ತು ವರ್ಷಕ್ಕೆ, 1640ರಲ್ಲಿ, ಪೋರ್ಚುಗೀಸರು ಎದ್ದುನಿಂತು ಬೇರೆಯಾದರು. ಮಿಗುವೆಲ್‌ನ ಮೂರು ರಾಜ್ಯಗಳಿಗೂ ಅಂಥ ಬಿರುಕು ತಪ್ಪುತ್ತಿತ್ತೆನ್ನಲು ಆಧಾರವಿಲ್ಲ.

ಆ ಕಾಲ ಸುವರ್ಣಯುಗವಾಗುತ್ತಿತ್ತೆಂದೂ ನಾನು ಒಪ್ಪುವುದಿಲ್ಲ. 1492ರಲ್ಲಿ ಸ್ಪೇನ್‌ನಿಂದ ಹೊರದಬ್ಬಿದ ಯಹೂದಿಗಳಲ್ಲಿ ಸಾವಿರಾರು ಮಂದಿ ಆಶ್ರಯ ಪಡೆದದ್ದು ಪೋರ್ಚುಗಲ್‌ನಲ್ಲಿ. ಮಿಗುವೆಲ್‌ನ ತಾಯಿಯ ಕೈಹಿಡಿಯುವುದಕ್ಕಾಗಿಯೇ ಮಾನುವೆಲ್ 1496ರ ಡಿಸೆಂಬರ್‌ನಲ್ಲಿ ಅವರ ಉಚ್ಚಾಟನೆಗೆ ಆಜ್ಞೆ ಹೊರಡಿಸಿದ, ಮರುವರ್ಷ ಬಲವಂತದ ಮತಾಂತರ ನಡೆಯಿತು. ಪೋರ್ಚುಗಲ್‌ಗೆ ಇನ್‌ಕ್ವಿಸಿಷನ್, ಅಂದರೆ ಕ್ರೈಸ್ತ ಮತದ ದಾರಿ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ನ್ಯಾಯಮಂಡಳಿ, ಬಂದದ್ದು 1536ರಲ್ಲಿ. ಮಿಗುವೆಲ್ ಆಳಿದ್ದರೆ ಅದು ಇನ್ನೂ ಬೇಗ ಬಂದಿರುತ್ತಿತ್ತು ಎಂದೇ ನನಗನ್ನಿಸುತ್ತದೆ.

ನಿಜವಾಗಿ ಬದಲಾಗುತ್ತಿದ್ದುದು ನೆದರ್ಲೆಂಡ್ಸ್ ಜೊತೆಗಿನ ನಂಟು. ಚಾರ್ಲ್ಸ್ ಅಲ್ಲಿನ ದೊರೆಯಾಗುತ್ತಿದ್ದ, ಸಾಮ್ರಾಟನೂ ಆಗುತ್ತಿದ್ದನೇನೋ. ಆದರೆ ಅವನ ಯುದ್ಧಗಳಿಗೆ ಕಸ್ಟೀಲ್‌ನ ತೆರಿಗೆಯಾಗಲಿ ಅಮೆರಿಕದ ಬೆಳ್ಳಿಯಾಗಲಿ ಸಿಗುತ್ತಿರಲಿಲ್ಲ. ಭಾಷೆ ಬಾರದ ಪರದೇಶಿ ರಾಜನ ವಿರುದ್ಧ 1520ರಲ್ಲಿ ಕಸ್ಟೀಲ್‌ನ ನಗರಗಳು ದಂಗೆ ಏಳಲು ಕಾರಣವೇ ಇರುತ್ತಿರಲಿಲ್ಲ. 1568ರಿಂದ 1648ರವರೆಗೆ ನೆದರ್ಲೆಂಡ್ಸ್‌ನ ಡಚ್ಚರು ಸ್ಪೇನ್ ವಿರುದ್ಧ ಹೋರಾಡಿದರು. ಆ ಯುದ್ಧ ಹುಟ್ಟಬೇಕಾದರೆ ಮೊದಲು ಒಬ್ಬನೇ ರಾಜ ಎರಡೂ ಕಡೆ ಆಳಬೇಕಿತ್ತು.

ಸಾಗರದಲ್ಲಿಯೂ ಹಾಗೆಯೇ. ಪೋರ್ಚುಗೀಸ್ ನಾವಿಕ ಮೆಗೆಲ್ಲನ್ ತನ್ನ ರಾಜನೊಂದಿಗೆ ಮುನಿಸಿಕೊಂಡು ಸ್ಪೇನ್ ಸೇರಿದ. ಅವನ ಯಾನದಿಂದ ಇಂದಿನ ಇಂಡೋನೇಷ್ಯಾದಲ್ಲಿರುವ, ಸಾಂಬಾರ ಪದಾರ್ಥ ಬೆಳೆಯುವ ಮೊಲಕ್ಕಾಸ್ ದ್ವೀಪಗಳು ಯಾರವೆಂಬ ಜಗಳ ಬೆಳೆದು, 1529ರಲ್ಲಿ ಚಾರ್ಲ್ಸ್ ತನ್ನ ಹಕ್ಕನ್ನು 3,50,000 ಡುಕಾಟ್ ಚಿನ್ನದ ನಾಣ್ಯಗಳಿಗೆ ಪೋರ್ಚುಗಲ್‌ಗೆ ಬಿಟ್ಟುಕೊಟ್ಟ. ಮಿಗುವೆಲ್ ಇದ್ದಿದ್ದರೆ ಕೊಡುವವನೂ ಕೊಳ್ಳುವವನೂ ಒಬ್ಬನೇ.

[ಪರದೆಯ ಮೇಲೆ: ಗೋವಾದಿಂದ ಮಂಗಳೂರಿನವರೆಗಿನ ಕರಾವಳಿ]

ಈ ಎಳೆ ನಮ್ಮ ಕರಾವಳಿಯವರೆಗೂ ಬರುತ್ತದೆ. ಡಚ್ಚರು ಮೊದಲು ಏಷ್ಯಾದ ಸಾಂಬಾರ ಪದಾರ್ಥಗಳನ್ನು ಪೋರ್ಚುಗಲ್‌ನ ಲಿಸ್ಬನ್‌ನಲ್ಲಿಯೇ ಕೊಳ್ಳುತ್ತಿದ್ದರು. 1580ರ ನಂತರ ಲಿಸ್ಬನ್ ಅವರ ಶತ್ರುವಿನ ಬಂದರಾಯಿತು. ಅಲ್ಲಿ ಅವರ ಹಡಗುಗಳನ್ನು ಜಪ್ತಿ ಮಾಡಲಾಯಿತು. ಅವರು ನೇರವಾಗಿ ಏಷ್ಯಾಕ್ಕೆ ಬಂದರು, 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಕಟ್ಟಿದರು, ಗೋವಾದ ಬಂದರಿಗೆ ದಿಗ್ಬಂಧನ ಹಾಕಿದರು, 1641ರಲ್ಲಿ ಪೋರ್ಚುಗೀಸರ ಮಲಕ್ಕಾ ಬಂದರನ್ನು ಕಿತ್ತುಕೊಂಡರು. ಹೀಗೆ ಹಣ್ಣಾಗಿದ್ದ ಪೋರ್ಚುಗೀಸರನ್ನೇ ಕೆಳದಿಯ ಶಿವಪ್ಪ ನಾಯಕ 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಮಂಗಳೂರುಗಳಿಂದ ಹೊರಗಟ್ಟಿದ್ದು.

ಮೆಣಸಿನ ಲಾಭ ಡಚ್ಚರನ್ನು ಹೇಗಾದರೂ ಇತ್ತ ಸೆಳೆಯುತ್ತಿತ್ತು ಎಂಬ ವಾದದಲ್ಲಿ ಹುರುಳಿದೆ. ಆದರೂ ಲಿಸ್ಬನ್‌ನ ಬಾಗಿಲು ತೆರೆದೇ ಇದ್ದಿದ್ದರೆ ಅವರು ಬರುವುದು ತಡವಾಗುತ್ತಿತ್ತು. ಆಗ ಶಿವಪ್ಪ ನಾಯಕ ಎದುರಿಸಬೇಕಾಗುತ್ತಿದ್ದುದು ಇನ್ನೂ ಸೊರಗದ ಗೋವಾವನ್ನು. ಬಸರೂರಿನ ಕೋಟೆ ಅವನ ಕೈಸೇರಲು ಇನ್ನಷ್ಟು ವರ್ಷ, ಇನ್ನಷ್ಟು ಸೈನ್ಯ ಬೇಕಾಗುತ್ತಿತ್ತು.