ಮಳೆಗಾಲಕ್ಕೆ ಸಾಮಾನು ಎಲ್ಲಿಡುವುದು?

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಅಪ್ಪಯ್ಯನ ಮದ್ದಳೆಯಿಂದಲೇ ಮಾತು ಶುರು ಮಾಡುತ್ತೇನೆ. ಉಡುಪಿಯ ಅಂಬಲಪಾಡಿಯಲ್ಲಿದ್ದ ನಮ್ಮ ಹಳೇ ಹೆಂಚಿನ ಮನೆ ಕೆಡವಿ ಫ್ಲ್ಯಾಟ್ ಕಟ್ಟುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಎರಡು ವರ್ಷ ಬಾಡಿಗೆ ಮನೆ. ಎರಡು ವರ್ಷ ಅಂದರೆ ನಮ್ಮ ಕಡೆ ಎರಡು ಮಳೆಗಾಲ, ಅಲ್ವಾ? ಬಾಡಿಗೆ ಮನೆ ಚಿಕ್ಕದು. ಹಾಗಾಗಿ ಅರ್ಧ ಸಾಮಾನನ್ನು ಒಂದು ಗೋದಾಮಿನಲ್ಲಿ ಇಟ್ಟೆವು. ಶೀಟಿನ ಮಾಡು, ಸಿಮೆಂಟಿನ ನೆಲ, ಗಟ್ಟಿ ಬೀಗ. ಇಡೀ ಮಳೆಗಾಲ ಅಲ್ಲಿ ಒಂದು ಹನಿ ನೀರೂ ಸೋರಲಿಲ್ಲ.

ಚೌತಿ ಕಳೆದ ಮೇಲೆ ಹೋಗಿ ಬಾಗಿಲು ತೆಗೆದೆ. ಮೊದಲು ಮೂಗಿಗೆ ಬಡಿದದ್ದು ಬೂಸ್ಟಿನ ವಾಸನೆ. ಮದ್ದಳೆಯ ಚರ್ಮದ ಮುಚ್ಚಿಗೆಯ ಮೇಲೆ ಹತ್ತಿ ಹರಡಿದ ಹಾಗೆ ಬಿಳಿ ಬೂಸ್ಟು, ಅಂಚಿನಲ್ಲಿ ಹಸಿರು. ಬಟ್ಟೆಯಲ್ಲಿ ಒರೆಸಿ ಬೆರಳಲ್ಲಿ ತಟ್ಟಿದೆ. ಒದ್ದೆ ರಟ್ಟು ತಟ್ಟಿದಂಥ ಸದ್ದು. ಅಪ್ಪಯ್ಯ ಕೈಯಾರೆ ಯಕ್ಷಗಾನ ಪ್ರಸಂಗದ ಪದ್ಯ ಬರೆದಿಟ್ಟಿದ್ದ ನೋಟ್‌ಬುಕ್ಕಿನ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಅಜ್ಜ, ಅಜ್ಜಿಯ ಫೋಟೋ ಕಟ್ಟಿನ ಗಾಜಿಗೇ ಹತ್ತಿಕೊಂಡಿತ್ತು.

ಮುಂಬೈಯಲ್ಲಿರುವ ಅಣ್ಣನಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ಎಂತ ಮಾರಾಯ್ತಿ, ನೀರು ನುಗ್ಗಿತಾ?" ಎಂದು ಕೇಳಿದ. "ಇಲ್ಲ ಅಣ್ಣ, ನೀರು ಬರಲೇ ಇಲ್ಲ. ಗಾಳಿಯಲ್ಲೇ ಇತ್ತು" ಎಂದೆ.

ಇಂಥ ಸಾಮಾನಿಗೆ ಕ್ಲೈಮೇಟ್ ಕಂಟ್ರೋಲ್, ಅಂದರೆ ಒಳಗಿನ ಬಿಸಿ, ತೇವ ಹಿಡಿತದಲ್ಲಿಡುವ ಸ್ಟೋರೇಜಿಗೆ ಬಾಡಿಗೆ ಕೊಡಬೇಕಾ? ಅದಕ್ಕೆ ಆ ಗಾಳಿಯ ವಿಷಯವನ್ನೇ ಇವತ್ತು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್‌ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ, ಆಗಸ್ಟ್ ಹೊತ್ತಿಗೆ, ಗಾಳಿಯ ತೇವ ಶೇಕಡಾ 85, 90 ಮುಟ್ಟುತ್ತದೆ. ಬೂಸ್ಟು ಹಿಡಿಯಲು 70 ದಾಟಿ ಕೆಲವು ದಿನ ನಿಂತರೆ ಸಾಕು. ಅಂದರೆ ಮಾಡು ಎಷ್ಟೇ ಗಟ್ಟಿ ಇರಲಿ, ಗಾಳಿ ಆಡದ ಕೋಣೆಯಲ್ಲಿ ನಾಲ್ಕು ತಿಂಗಳು ಬಿಟ್ಟ ಚರ್ಮ, ಕಾಗದ, ರೇಷ್ಮೆಗೆ ಉಳಿಗಾಲ ಕಡಿಮೆ.

ಹಳೇ ಮನೆಯಲ್ಲಿ ಹೀಗೆ ಆಗುತ್ತಿರಲಿಲ್ಲ. ಯಾಕೆ ಅಂತ ನಾನು ಸುಮಾರು ದಿನ ಯೋಚಿಸಿದ್ದೇನೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಶುರು ಮಾಡಿದ ಹೆಂಚು ಇದೆಯಲ್ಲ, ಅದರ ಸಂದಿಯಲ್ಲಿ ಸದಾ ಗಾಳಿ ಆಡುತ್ತದೆ. ಕೆಳಗೆ ದಿನವಿಡೀ ಒಲೆ ಉರಿಯುತ್ತಿತ್ತು. ಹೊಗೆ, ಬಿಸಿ ಎರಡೂ ಅಟ್ಟಕ್ಕೆ ಏರುತ್ತಿದ್ದವು. ಅಕ್ಕಿ ಮುಡಿ, ಹುಣಸೆಹುಳಿ, ಮದ್ದಳೆ ಎಲ್ಲವೂ ಅಲ್ಲೇ ಬೆಚ್ಚಗೆ ಇರುತ್ತಿದ್ದವು. ಈಗ ಒಲೆಯೂ ಇಲ್ಲ, ಅಟ್ಟವೂ ಇಲ್ಲ. ಆ ಒಲೆ ಮಾಡುತ್ತಿದ್ದ ಕೆಲಸಕ್ಕೇ ನಾವೀಗ ತಿಂಗಳ ಬಾಡಿಗೆ ಕೊಡಲು ಹೊರಟಿದ್ದೇವೆ.

ಎರಡನೇ ಮಳೆಗಾಲಕ್ಕೆ ಮೊದಲು ನಾನು ಕ್ಲೈಮೇಟ್ ಕಂಟ್ರೋಲ್ ಇರುವ ಸ್ಟೋರೇಜ್ ಹುಡುಕಿಕೊಂಡು ಮಂಗಳೂರಿನವರೆಗೆ ಹೋದೆ. ಒಂದು ಕಡೆ, "ಎಸಿ ಉಂಟು ಮೇಡಂ, 24ರಲ್ಲಿ ಇಡ್ತೇವೆ" ಎಂದರು. ರಾತ್ರಿಗೆ? "ರಾತ್ರಿ ಆಫ್." ಅಲ್ಲಿಗೆ ನನಗೆ ಉತ್ತರ ಸಿಕ್ಕಿತು. ಫ್ರಿಜ್ಜಿನಿಂದ ಬಾಟಲಿ ಹೊರಗಿಟ್ಟರೆ ಮೈಯೆಲ್ಲ ಬೆವರುತ್ತದಲ್ಲ? ಹಗಲೆಲ್ಲ ತಣ್ಣಗಾದ ಕಪಾಟು, ಪೆಟ್ಟಿಗೆಗೆ ಎಸಿ ನಿಂತ ಮೇಲೆ ಹೊರಗಿನ ಒದ್ದೆ ಗಾಳಿ ತಾಗಿದರೆ ಅದೇ ಕಥೆ. ಅಂಥ ಎಸಿಗಿಂತ ಎಸಿ ಇಲ್ಲದ ಕೋಣೆಯೇ ವಾಸಿ.

ನಮ್ಮ ಊರಿನಲ್ಲಿ ಸೆಕೆ ಸಾಮಾನಿಗೆ ಅಷ್ಟು ದೊಡ್ಡ ಶತ್ರುವಲ್ಲ, ತೇವವೇ ಶತ್ರು. ಆದ್ದರಿಂದ "ಎಸಿ ಉಂಟಾ?" ಎಂದು ಕೇಳಬೇಡಿ. "ಜುಲೈಯಲ್ಲಿ ಒಳಗೆ ತೇವ ಎಷ್ಟಿತ್ತು?" ಎಂದು ಕೇಳಿ. 45ರಿಂದ 55ರ ಒಳಗೆ ಇಡುತ್ತೇವೆ ಎಂದರೆ ಮೀಟರು ತೋರಿಸಲಿ. ಕರೆಂಟು ಹೋದಾಗ ಯಂತ್ರಕ್ಕೆ ಜನರೇಟರ್ ಇದೆಯಾ, ಬರೀ ದೀಪಕ್ಕಾ, ಅದೂ ಗೊತ್ತಾಗಬೇಕು. ನೆಲಮಹಡಿಯಾದರೆ ಇನ್ನೂ ಎಚ್ಚರ. ಜೋರು ಮಳೆ ಬಂದ ದಿನ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುವುದನ್ನು ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ಇನ್ನು ಹಣದ ಮಾತು. ತಿಂಗಳಿಗೆ 3,000 ರೂಪಾಯಿ ಅಂತ ಇಟ್ಟುಕೊಳ್ಳಿ. ಎರಡು ವರ್ಷಕ್ಕೆ 72,000. ಅಷ್ಟು ಕೊಟ್ಟು ಒಳಗೆ ಇಡುವುದಾದರೂ ಏನು? ನಾನು ಒಂದು ಭಾನುವಾರ ಕೂತು ಪಟ್ಟಿ ಮಾಡಿದೆ. ತಾಮ್ರದ ಹಂಡೆ, ಕಂಚಿನ ಪಾತ್ರೆಗೆ ಎಸಿ ಬೇಡ. ಕಪ್ಪಾದರೆ ಹುಣಸೆಹುಳಿ ಹಾಕಿ ತಿಕ್ಕಿದರೆ ಬೆಳಗುತ್ತವೆ. ಪ್ಲೈವುಡ್ಡಿನ ಮಂಚ, ಹಳೇ ಟಿವಿ, ಹತ್ತಿಯ ಹಾಸಿಗೆಗೆ ಎರಡು ವರ್ಷ ಬಾಡಿಗೆ ಕಟ್ಟುವ ಬದಲು ಬೇಕಾದವರಿಗೆ ಕೊಟ್ಟುಬಿಡುವುದು ಒಳ್ಳೆಯದು ಅನ್ನಿಸಿತು. ಕೊಟ್ಟೆ. ಹಲಸಿನ ಮರದ ಪೆಟ್ಟಿಗೆ ಗಟ್ಟಿ. ನೆಲಕ್ಕೆ, ಗೋಡೆಗೆ ತಾಗದ ಹಾಗೆ ಇಟ್ಟು, ಗೆದ್ದಲು ಬರದಂತೆ ಆಗಾಗ ನೋಡಿಕೊಂಡರೆ ಆಯಿತು.

ಕೊನೆಗೆ ಉಳಿದದ್ದು ಮದ್ದಳೆ, ಆ ನೋಟ್‌ಬುಕ್ಕುಗಳು, ಫೋಟೋಗಳು, ಅಮ್ಮನ ಎಂಟು ಜರಿ ಸೀರೆ. ಹಣ ಕೊಟ್ಟು ಇನ್ನೊಂದು ತರಲಾಗದ ವಸ್ತುಗಳು ಇಷ್ಟೇ. ಇವು ಒಂದು ಕಪಾಟಿನಲ್ಲಿ ಹಿಡಿಯುತ್ತವೆ! ಕಪಾಟಿನಷ್ಟು ವಸ್ತುವಿಗೆ ಯಾಕೆ ಕೋಣೆಯಷ್ಟು ಬಾಡಿಗೆ?

ನಾವು ಮಲಗುವ ಕೋಣೆಯನ್ನೇ ಒಣಗಿಸಿದೆವು. ಡಿಹ್ಯುಮಿಡಿಫೈಯರ್ ಅಂತ ಒಂದು ಯಂತ್ರ ಬರುತ್ತದೆ. ಗಾಳಿಯ ತೇವವನ್ನು ಹಿಂಡಿ ನೀರಾಗಿ ತೊಟ್ಟಿಗೆ ಇಳಿಸುತ್ತದೆ. ಮೊದಲ ದಿನ ಆ ಕೋಣೆಯಿಂದ ಆರು ಲೀಟರ್ ನೀರು ಚೆಲ್ಲಿದೆ. ನಾವು ಇಷ್ಟು ನೀರಿನ ನಡುವೆ ಮಲಗುತ್ತಿದ್ದೆವಾ ಅನ್ನಿಸಿತು. 300 ವ್ಯಾಟಿನ ಯಂತ್ರ ದಿನಕ್ಕೆ ಹತ್ತು ಗಂಟೆ ಓಡಿದರೆ ಮೂರು ಯೂನಿಟ್. ಯೂನಿಟಿಗೆ 7 ರೂಪಾಯಿ ಹಿಡಿದರೂ ತಿಂಗಳಿಗೆ 630. ಅದೂ ಮಳೆಗಾಲದ ನಾಲ್ಕು ತಿಂಗಳು ಮಾತ್ರ. ತೇವ ಅಳೆಯುವ ಚಿಕ್ಕ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೇರೆ ಏನೂ ಕೊಳ್ಳದಿದ್ದರೂ ಅದೊಂದನ್ನು ಕೊಳ್ಳಿ.

ಸೀರೆಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಒಗೆದ ಹಳೇ ಪಂಚೆಯಲ್ಲಿ ಸುತ್ತಿಟ್ಟೆ. ಪ್ಲಾಸ್ಟಿಕ್ ತೇವವನ್ನು ಒಳಗೇ ಹಿಡಿದಿಡುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಮಡಿಕೆಯಲ್ಲೇ ಜರಿ ಮುರಿಯುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸುತ್ತೇನೆ. ಗಾಜಿಗೆ ಅಂಟಿದ ಫೋಟೋ ಮಾತ್ರ ಹಾಗೇ ಇದೆ. ನಿಮ್ಮಲ್ಲೂ ಅಂಥದ್ದಿದ್ದರೆ ದಯವಿಟ್ಟು ಕಿತ್ತು ತೆಗೆಯಲು ಹೋಗಬೇಡಿ, ಮುಖವೇ ಗಾಜಿನಲ್ಲಿ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ನಾನು ಹಾಗೇ ಮಾಡಿಸಿದೆ. ಅಜ್ಜಿಯ ಮೂಗುಬೊಟ್ಟು ಕೂಡ ಕಾಣುತ್ತದೆ.

ಆದರೆ ಎಲ್ಲರಿಗೂ ಹೀಗೆ ಆಗುವುದಿಲ್ಲ. ದುಬೈಯಲ್ಲೋ ಮುಂಬೈಯಲ್ಲೋ ಇದ್ದು ಊರಿನ ಮನೆಗೆ ಬೀಗ ಹಾಕಿದವರಿದ್ದಾರೆ. ಯಂತ್ರದ ನೀರು ಚೆಲ್ಲಲು ಅಲ್ಲಿ ಜನವಿಲ್ಲ. ಅಂಥವರಲ್ಲಿ ವೀಣೆ, ಹಾರ್ಮೋನಿಯಂ, ಎರಡು ಮೂರು ಕಪಾಟು ಪುಸ್ತಕ ಇದ್ದರೆ ಒಣ ಸ್ಟೋರೇಜಿಗೆ ಹಣ ಕೊಡುವುದು ಖಂಡಿತ ಸರಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಕೊಡುತ್ತೀರಾ ಎಂದು ಕೇಳಿ ನೋಡಿ. ಮೇ ತಿಂಗಳಲ್ಲೇ ಎಲ್ಲವನ್ನೂ ಗಾಳಿ ಆಡುವ ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಆಮೇಲೆ ಕಳಿಸಿ. ಒದ್ದೆ ಇದ್ದದ್ದನ್ನು ಒಣ ಕೋಣೆಗೆ ಹಾಕಿದರೆ ಅದರ ಜೊತೆ ಬೂಸ್ಟೂ ಒಳಗೆ ಹೋಗುತ್ತದೆ.

ಮದ್ದಳೆಗೆ ಹೊಸ ಮುಚ್ಚಿಗೆ ಹಾಕಿಸಿದ್ದೇವೆ. ಮರ ಅಪ್ಪಯ್ಯ ಬಾರಿಸಿದ್ದೇ. ಕಲಿಯುತ್ತಿರುವ ಪಕ್ಕದ ಮನೆಯ ಹುಡುಗ ಭಾನುವಾರ ಬಂದು ನಮ್ಮ ಮಲಗುವ ಕೋಣೆಯಲ್ಲೇ ಕೂತು ಬಾರಿಸುತ್ತಾನೆ. ಅಣ್ಣ ಫೋನ್ ಮಾಡಿದಾಗ ಮೊದಲು ಕೇಳುವುದು, "ಮೀಟರು ಎಷ್ಟು ತೋರಿಸ್ತದೆ?"

ಇವತ್ತು ಬೆಳಿಗ್ಗೆ 54 ಇತ್ತು. ನಮಸ್ಕಾರ.